ಬೂಟ್‌ಲೋಡರಿನ ಚೀಟಿ: ನಲವತ್ತು ಸಾಲಿನ ಕೋಡ್ ಓದೋಕೆ ಮೂರು ವಾರ

ಹೋದ ಸೆಮಿಸ್ಟರಿನಲ್ಲಿ ನಮ್ಮ ಪ್ರಾಜೆಕ್ಟ್ ತಂಡದ ಸೀನಿಯರ್ ಅಕ್ಕ ಒಬ್ಬರು ನನಗೊಂದು ಡಿಫ್ ಕಳಿಸಿ "ಇದನ್ನ ರಿವ್ಯೂ ಮಾಡು" ಅಂದ್ರು. ಡಿಫ್ ಅಂದ್ರೆ ಹಳೇ ಕೋಡಿಗೂ ಹೊಸ ಕೋಡಿಗೂ ಇರೋ ವ್ಯತ್ಯಾಸ. ಸೇರಿಸಿದ ಸಾಲು ಹಸಿರು, ತೆಗೆದ ಸಾಲು ಕೆಂಪು. ಎಲ್ಲಾ ಸೇರಿ ನಲವತ್ತು ಚಿಲ್ಲರೆ ಸಾಲು.

"ಅಕ್ಕಾ, ನಂಗೆ ಬೂಟ್‌ಲೋಡರ್ ಅಂದ್ರೇನೇ ಸರಿಯಾಗಿ ಗೊತ್ತಿಲ್ಲ" ಅಂದೆ.

"ಅದಕ್ಕೇ ನಿಂಗೆ ಕಳಿಸಿದ್ದು. ಗೊತ್ತಿರೋರು ಬೇಗ ಬೇಗ ಓದಿ ಓಕೆ ಅಂದ್ಬಿಡ್ತಾರೆ."

ಹೀಗೆ ಶುರುವಾದ ಕೆಲಸ ಮೂರು ವಾರ ಹಿಡೀತು. ಅದರಲ್ಲಿ ನಾನು ಹಿಡಿದ ತಪ್ಪುಗಳೂ ಇವೆ, ಕಣ್ಣೆದುರೇ ಬಿಟ್ಟ ತಪ್ಪೂ ಇದೆ. ಎರಡನ್ನೂ ಬರೀತಿದ್ದೀನಿ. ಸಿ ಭಾಷೆಯ ಪಾಯಿಂಟರ್ ಅಂದ್ರೆ ಏನು ಅಂತ ಗೊತ್ತಿದ್ರೆ ಸಾಕು, ಉಳಿದಿದ್ದು ಓದ್ತಾ ಅರ್ಥ ಆಗುತ್ತೆ.

ಪೆಟ್ಟಿಗೆ ಎಲ್ಲಿಗೆ ಹೋಗ್ಬೇಕಿತ್ತು

ನಮ್ಮ ತಂಡ ಮಾಡಿದ್ದು ಒಂದು ಚಿಕ್ಕ ಪೆಟ್ಟಿಗೆ. ಮಳೆ ಎಷ್ಟು ಬಿತ್ತು, ಮಣ್ಣಿನ ತೇವ ಎಷ್ಟಿದೆ ಅಂತ ಅಳೆದು ಮೊಬೈಲ್ ನೆಟ್‌ವರ್ಕ್ ಮೂಲಕ ಕಳಿಸುತ್ತೆ. ಒಳಗಿರೋದು ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡ್. ಈ ಕೆಲಸಕ್ಕೆ ಅಷ್ಟು ದೊಡ್ಡ ಬೋರ್ಡ್ ಬೇಕಾಗಿರ್ಲಿಲ್ಲ ನಿಜ, ಆದ್ರೆ ಲ್ಯಾಬಿನ ಬೀರುವಿನಲ್ಲಿ ಸುಮ್ಮನೆ ಬಿದ್ದಿತ್ತು. ಪೆಟ್ಟಿಗೆಯನ್ನ ಇಡೋಕೆ ಜಾಗ ಕೊಟ್ಟಿದ್ದು ತೀರ್ಥಹಳ್ಳಿ ಕಡೆ ಇರೋ ನನ್ನ ಸೋದರಮಾವ, ಅವರ ಅಡಿಕೆ ತೋಟದ ಪಂಪ್ ಶೆಡ್ಡಿನಲ್ಲಿ.

ಮಾವ ಫೋನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋಗ್ತದೆ, ಬರ್ತದೆ, ಮತ್ತೆ ಹೋಗ್ತದೆ. ನಿನ್ನ ಪೆಟ್ಟಿಗೆ ತಡ್ಕೊಳ್ತದಾ ಮಾರಾಯ?"

"ತಡ್ಕೊಳ್ಳುತ್ತೆ ಮಾವ" ಅಂದುಬಿಟ್ಟೆ. ಅದು ನಿಜಾನೋ ಸುಳ್ಳೋ ಅಂತ ತೀರ್ಮಾನ ಆಗೋದು ಈ ನಲವತ್ತು ಸಾಲಿನಲ್ಲೇ ಅಂತ ಆಗ ಗೊತ್ತಿರ್ಲಿಲ್ಲ.

ಬೂಟ್‌ಲೋಡರ್ ಮತ್ತು ಅದರ ಚೀಟಿ

ಬೋರ್ಡಿಗೆ ಕರೆಂಟ್ ಕೊಟ್ಟ ತಕ್ಷಣ ಲಿನಕ್ಸ್ ಓಡೋದಿಲ್ಲ. ಮೊದಲು ಚಿಪ್ಪಿನೊಳಗೇ ಕೂತಿರೋ ರಾಮ್ ಕೋಡ್ ಏಳುತ್ತೆ (ರೀಡ್ ಓನ್ಲಿ ಮೆಮೊರಿಯ ರಾಮ್, ಇನ್ನೊಂದು ರ‍್ಯಾಮ್ ಅಲ್ಲ). ಅದು ಎಸ್‌ಪಿಎಲ್ ಅನ್ನೋ ಪುಟ್ಟ ಪ್ರೋಗ್ರಾಮನ್ನ ಚಿಪ್ಪಿನೊಳಗಿನ ಸಣ್ಣ ಮೆಮೊರಿಗೆ ತರುತ್ತೆ. ಎಸ್‌ಪಿಎಲ್ ಹೊರಗಿನ ದೊಡ್ಡ ರ‍್ಯಾಮನ್ನ ಸಿದ್ಧ ಮಾಡಿ, ಅಲ್ಲಿಗೆ ಪೂರ್ತಿ ಬೂಟ್‌ಲೋಡರನ್ನ ತರುತ್ತೆ. ಬೂಟ್‌ಲೋಡರ್ ಲಿನಕ್ಸ್ ಕರ್ನಲನ್ನ ತಂದು ಓಡಿಸುತ್ತೆ. ರಿಲೇ ಓಟ ಇದ್ದಹಾಗೆ, ಒಬ್ಬರು ಕೋಲು ಬೀಳಿಸಿದ್ರೆ ಮುಂದಿನವರು ಓಡೋ ಮಾತೇ ಇಲ್ಲ.

ಇಂಥ ಬೋರ್ಡುಗಳಲ್ಲಿ ತುಂಬಾ ಕಡೆ ಸಿಗೋ ಬೂಟ್‌ಲೋಡರ್ ಯು-ಬೂಟ್. ಜರ್ಮನಿಯ ವೋಲ್ಫ್‌ಗಾಂಗ್ ಡೆಂಕ್ ಪವರ್‌ಪಿಸಿ ಚಿಪ್ಪುಗಳಿಗಾಗಿ ನಡೆಸ್ತಿದ್ದ ಪಿಪಿಸಿಬೂಟ್ ಅನ್ನೋ ಯೋಜನೆ, ಬೇರೆ ಚಿಪ್ಪುಗಳಿಗೂ ಹರಡಿದ ಮೇಲೆ 2002ರಲ್ಲಿ ಈ ಹೆಸರು ಪಡೀತು. ಜರ್ಮನ್ ಭಾಷೆಯಲ್ಲಿ ಯು-ಬೂಟ್ ಅಂದ್ರೆ ಜಲಾಂತರ್ಗಾಮಿ. ಬೂಟ್ ಆಗೋದಕ್ಕೂ ದೋಣಿಗೂ ಸೇರಿಸಿ ಮಾಡಿದ ತಮಾಷೆ.

ಯು-ಬೂಟಿಗೆ ಒಂದಷ್ಟು ವಿಷಯ ನೆನಪಿರ್ಬೇಕು. ಯಾವ ಜಾಗದಿಂದ ಕರ್ನಲ್ ತರ್ಬೇಕು, ಎಷ್ಟು ಸೆಕೆಂಡ್ ಕಾಯ್ಬೇಕು, ಕರ್ನಲಿಗೆ ಏನು ಹೇಳಿ ಕಳಿಸ್ಬೇಕು, ಇತ್ಯಾದಿ. ಇದನ್ನೆಲ್ಲ ಅದು ಎನ್ವಿರಾನ್ಮೆಂಟ್ ಅನ್ನೋ ಜಾಗದಲ್ಲಿ ಇಟ್ಕೊಳ್ಳುತ್ತೆ. ಅಮ್ಮ ಫ್ರಿಜ್ ಮೇಲೆ ಅಂಟಿಸೋ ಚೀಟಿ ಇದ್ದಹಾಗೆ. ಒಂದೊಂದು ಸಾಲೂ "ಹೆಸರು=ಬೆಲೆ" ಅನ್ನೋ ರೂಪದಲ್ಲಿರುತ್ತೆ, ಸಾಲಿನ ಕೊನೆಗೆ ಒಂದು ಸೊನ್ನೆ ಬೈಟ್, ಇಡೀ ಚೀಟಿ ಮುಗಿದಾಗ ಇನ್ನೊಂದು ಸೊನ್ನೆ ಬೈಟ್. ಚೀಟಿಯ ಶುರುವಿನಲ್ಲಿ 4 ಬೈಟಿನ ಸಿಆರ್‌ಸಿ-32 ಚೆಕ್‌ಸಮ್. ಯು-ಬೂಟ್ ಎದ್ದ ಕೂಡಲೇ ಚೀಟಿಯ ಮೇಲೆ ತಾನೇ ಲೆಕ್ಕ ಹಾಕಿ, ಈ ನಾಲ್ಕು ಬೈಟಿನ ಜೊತೆ ಹೋಲಿಸುತ್ತೆ. ತಾಳೆ ಆಗ್ಲಿಲ್ಲ ಅಂದ್ರೆ ಪರದೆ ಮೇಲೆ "ಬ್ಯಾಡ್ ಸಿಆರ್‌ಸಿ, ಯೂಸಿಂಗ್ ಡೀಫಾಲ್ಟ್ ಎನ್ವಿರಾನ್ಮೆಂಟ್" ಅಂತ ಬರುತ್ತೆ. ಆಗ ಚೀಟಿಯನ್ನ ಪಕ್ಕಕ್ಕಿಟ್ಟು, ಕಂಪೈಲ್ ಮಾಡುವಾಗ ಒಳಗೇ ಸೇರಿಸಿದ್ದ ಮೂಲ ಬೆಲೆಗಳನ್ನ ತಗೊಳ್ಳುತ್ತೆ.

ತಾಳೆ ಆದ್ರೆ ಎಲ್ಲ ಸಾಲೂ ರ‍್ಯಾಮಿನಲ್ಲಿರೋ ಒಂದು ಹ್ಯಾಶ್ ಟೇಬಲಿಗೆ ಹೋಗುತ್ತೆ. ಡೇಟಾ ಸ್ಟ್ರಕ್ಚರ್ ಕ್ಲಾಸಲ್ಲಿ "ಇದು ಎಲ್ಲಿ ಬಳಕೆಗೆ ಬರುತ್ತೆ ಸಾರ್?" ಅಂತ ಕೇಳಿದ್ವಲ್ಲ, ಇಲ್ಲಿ ಬರುತ್ತೆ. ಅಲ್ಲಿಂದ ಓದೋಕೆ ಎನ್ವ್-ಗೆಟ್, ಬರೆಯೋಕೆ ಎನ್ವ್-ಸೆಟ್ ಅನ್ನೋ ಫಂಕ್ಷನ್‌ಗಳಿವೆ. ಎನ್ವ್-ಸೆಟ್ ಬರೆಯೋದು ರ‍್ಯಾಮಿಗೆ ಮಾತ್ರ. ಕರೆಂಟ್ ಹೋದ್ರೂ ಉಳೀಬೇಕು ಅಂದ್ರೆ ಸೇವ್ ಅಂತ ಬೇರೆಯಾಗಿ ಹೇಳ್ಬೇಕು. (ಇಂಟರ್ನೆಟ್ಟಿನ ಹಳೇ ಪಾಠಗಳಲ್ಲಿ ಗೆಟ್-ಎನ್ವ್, ಸೆಟ್-ಎನ್ವ್ ಅಂತ ಹಿಂದುಮುಂದಾಗಿ ಕಾಣುತ್ತೆ. 2017ರಲ್ಲಿ ಹೆಸರು ಬದಲಾಯ್ತು. ಇದು ಗೊತ್ತಿಲ್ದೆ ನನ್ನದು ಅರ್ಧ ದಿನ ಹಾಳಾಯ್ತು.)

ಆ ಡಿಫ್ ಏನು ಮಾಡ್ತಿತ್ತು

ನಮ್ಮ ಪೆಟ್ಟಿಗೆಗೆ ದೂರದಿಂದಲೇ ಹೊಸ ಸಾಫ್ಟ್‌ವೇರ್ ಕಳಿಸೋ ಆಸೆ. ಹೊಸದು ಕೆಟ್ಟದಾಗಿದ್ರೆ ಹಳೇದಕ್ಕೆ ತಾನಾಗೇ ಹಿಂದಿರುಗ್ಬೇಕು. ಅದಕ್ಕೆ ಮೆಮೊರಿಯಲ್ಲಿ ಲಿನಕ್ಸಿನ ಎರಡು ಪ್ರತಿ, ಎ ಮತ್ತು ಬಿ. ಯಾವುದನ್ನ ಓಡಿಸ್ಬೇಕು ಅಂತ ಹೇಳೋಕೆ ಚೀಟಿಯಲ್ಲಿ ಸ್ಲಾಟ್ ಅನ್ನೋ ಒಂದು ಸಾಲು, ಎಷ್ಟು ಸಲ ಪ್ರಯತ್ನ ಆಯ್ತು ಅನ್ನೋಕೆ ಬೂಟ್‌ಕೌಂಟ್ ಅನ್ನೋ ಇನ್ನೊಂದು ಸಾಲು. ಯು-ಬೂಟ್ ಪ್ರತಿ ಸಲ ಎದ್ದಾಗ ಎಣಿಕೆಗೆ ಒಂದು ಕೂಡಿಸುತ್ತೆ. ಲಿನಕ್ಸ್ ಸರಿಯಾಗಿ ಎದ್ರೆ ಅದೇ ಎಣಿಕೆಯನ್ನ ಸೊನ್ನೆ ಮಾಡುತ್ತೆ. ಎಣಿಕೆ ಮಿತಿ ದಾಟ್ತು ಅಂದ್ರೆ ಲಿನಕ್ಸ್ ಏಳ್ತಾನೇ ಇಲ್ಲ ಅಂತ ಅರ್ಥ, ಇನ್ನೊಂದು ಪ್ರತಿಗೆ ಬದಲಾಯ್ಸು.

ಕೇಳೋಕೆ ಸುಲಭ. ಟೇಬಲ್ ಮೇಲೆ ಕೆಲಸವೂ ಮಾಡ್ತಿತ್ತು. ನಾನು ಪ್ರಿಂಟ್ ತಗೊಂಡು, ಪೆನ್ಸಿಲ್ ಹಿಡ್ಕೊಂಡು ಸಾಲು ಸಾಲಾಗಿ ಓದ್ದೆ.

ಮೊದಲ ಪ್ರಶ್ನೆ: ಚೀಟಿಯಲ್ಲಿ ಆ ಸಾಲೇ ಇಲ್ಲದಿದ್ರೆ?

ಕೋಡ್ ಎನ್ವ್-ಗೆಟ್‌ನಿಂದ ಸ್ಲಾಟ್ ಓದಿ, ನೇರವಾಗಿ "ಬಿ" ಜೊತೆ ಹೋಲಿಸ್ತಿತ್ತು. ಆದ್ರೆ ಆ ಹೆಸರಿನ ಸಾಲು ಇಲ್ಲದಿದ್ರೆ ಎನ್ವ್-ಗೆಟ್ ನಲ್ ಪಾಯಿಂಟರ್ ಕೊಡುತ್ತೆ. ಹೊಸ ಬೋರ್ಡಿನಲ್ಲಿ ಆ ಸಾಲು ಇರಲ್ಲ. ಚೆಕ್‌ಸಮ್ ತಪ್ಪಿ ಮೂಲ ಬೆಲೆಗಳಿಗೆ ಹೋದಾಗಲೂ ಇರಲ್ಲ. ಅಕ್ಕನ ಬೋರ್ಡಿನಲ್ಲಿ ಮಾತ್ರ ಯಾವತ್ತೋ ಕೈಯಾರೆ ಹಾಕಿದ್ದು ಇತ್ತು, ಅದಕ್ಕೇ ತೊಂದರೆ ಕಂಡಿರ್ಲಿಲ್ಲ.

ಲಿನಕ್ಸ್ ಮೇಲೆ ನಲ್ ಮುಟ್ಟಿದ್ರೆ ಆ ಒಂದು ಪ್ರೋಗ್ರಾಂ ಸಾಯುತ್ತೆ, ಉಳಿದವು ನಡೀತಿರುತ್ತೆ. ಬೂಟ್‌ಲೋಡರ್ ಸತ್ರೆ ಅದರ ಹಿಂದೆ ಕಾಯೋರು ಯಾರೂ ಇಲ್ಲ. ಬೋರ್ಡಿನ ಮೇಲೆ ಹೋಗುತ್ತೆ ಆಟ: ಕೆಲವು ರೀಸೆಟ್ ಆಗುತ್ತೆ, ಮತ್ತೆ ಎದ್ದು ಅದೇ ಸಾಲಿಗೆ ಬಂದು ಮತ್ತೆ ರೀಸೆಟ್. ಕೆಲವು ಕಸ ಓದ್ಕೊಂಡು ಮುಂದೆ ಹೋಗುತ್ತೆ. ಪರಿಹಾರ ಎರಡು ಸಾಲು: ನಲ್ ಇದ್ರೆ "ಎ" ಅಂತ ತಿಳ್ಕೋ, "ಎ"ನೂ ಅಲ್ಲ "ಬಿ"ನೂ ಅಲ್ಲ ಅಂದ್ರೂ "ಎ" ಅಂತಲೇ ತಿಳ್ಕೋ.

ಎರಡನೇ ಪ್ರಶ್ನೆ: ಈ ಪಾಯಿಂಟರ್ ಯಾರದ್ದು?

ಬದಲಾವಣೆ ಮಾಡೋ ಜಾಗದಲ್ಲಿ ಕೋಡ್ ಹಳೇ ಸ್ಲಾಟನ್ನ ಎನ್ವ್-ಗೆಟ್‌ನಿಂದ ಒಂದು ಪಾಯಿಂಟರಿನಲ್ಲಿ ಇಟ್ಕೊಂಡು, ಎನ್ವ್-ಸೆಟ್‌ನಿಂದ ಹೊಸದನ್ನ ಬರೆದು, ಆಮೇಲೆ "ಹಳೇದು ಇದು, ಹೊಸದು ಇದು" ಅಂತ ಪ್ರಿಂಟ್ ಮಾಡ್ತಿತ್ತು. ನಾನು ಎನ್ವ್-ಸೆಟ್ ಒಳಗೆ ಏನಾಗುತ್ತೆ ಅಂತ ಹೋಗಿ ನೋಡಿದೆ. ಎನ್ವ್-ಗೆಟ್ ನಮಗೆ ನಕಲು ಕೊಡಲ್ಲ, ಹ್ಯಾಶ್ ಟೇಬಲಿನ ಒಳಗಿರೋ ಅಕ್ಷರಗಳ ವಿಳಾಸವನ್ನೇ ಕೊಡುತ್ತೆ. ಅದೇ ಹೆಸರಿಗೆ ಹೊಸ ಬೆಲೆ ಬರೆದಾಗ ಹಳೇ ಜಾಗವನ್ನ ಫ್ರೀ ಮಾಡುತ್ತೆ. ಅಂದ್ರೆ ನಮ್ಮ ಪಾಯಿಂಟರ್ ಖಾಲಿ ಮಾಡಿದ ಬಾಡಿಗೆ ಮನೆಯ ವಿಳಾಸ. ಹಳಬರ ಸಾಮಾನು ಇನ್ನೂ ಅಲ್ಲೇ ಬಿದ್ದಿರಬಹುದು, ಬೇರೆಯವರು ಬಂದು ಸೇರಿರಲೂಬಹುದು. ಟೇಬಲ್ ಮೇಲೆ ಯಾವಾಗಲೂ ಸರಿಯಾಗೇ ಪ್ರಿಂಟ್ ಆಗ್ತಿತ್ತು. ಪರಿಹಾರ: ಬರೆಯೋಕೆ ಮುಂಚೆ ನಮಗೆ ಬೇಕಾದ ಒಂದು ಅಕ್ಷರವನ್ನ ನಮ್ಮದೇ ವೇರಿಯಬಲ್ಲಿಗೆ ತಗೊಳ್ಳೋದು.

ಮೂರನೇ ಪ್ರಶ್ನೆ: ಹತ್ತು ಅಂದ್ರೆ ಎಷ್ಟು?

ಇದು ನನಗೆ ತುಂಬಾ ಇಷ್ಟವಾದ ತಪ್ಪು. ಚೀಟಿಯಲ್ಲಿ ಇರೋದೆಲ್ಲ ಅಕ್ಷರಗಳು, ಸಂಖ್ಯೆ ಅಂತ ಬೇರೆ ಇಲ್ಲ. ಯು-ಬೂಟ್ ಲೋಕದಲ್ಲಿ ವಿಳಾಸಗಳದ್ದೇ ಕಾರುಬಾರು, ಹಾಗಾಗಿ ಅದರ ಕಮಾಂಡುಗಳು ಹೆಚ್ಚಾಗಿ ಸಂಖ್ಯೆಯನ್ನ ಹೆಕ್ಸಾಡೆಸಿಮಲ್ ಅಂತಲೇ ಓದುತ್ತೆ. ನಮ್ಮ ಡಿಫ್‌ನಲ್ಲಿ ಎಣಿಕೆಯನ್ನ ಬರೆಯೋಕೆ ಹೆಕ್ಸ್‌ನಲ್ಲಿ ಬರೆಯೋ ಫಂಕ್ಷನ್ ಬಳಸಿದ್ರು (ಬೇರೆ ಕಡೆಯಿಂದ ಕಾಪಿ ಮಾಡಿದ್ದು), ಓದೋಕೆ ಬೇಸ್ 10ರ ಫಂಕ್ಷನ್ ಬಳಸಿದ್ರು.

9ರ ತನಕ ಎರಡೂ ಒಂದೇ. 10 ಆದಾಗ ಚೀಟಿಗೆ ಹೋಗೋದು "ಎ" ಅನ್ನೋ ಅಕ್ಷರ. ಮುಂದಿನ ಸಲ ಬೇಸ್ 10ರಲ್ಲಿ ಅದನ್ನ ಓದಿದ್ರೆ ಅಂಕಿಯೇ ಇಲ್ಲ, ಹಾಗಾಗಿ ಉತ್ತರ 0. ಎಣಿಕೆ ಮತ್ತೆ ಮೊದಲಿನಿಂದ!

ಈಗ ಮಿತಿ ಎಷ್ಟು ನೋಡಿ. ಟೇಬಲ್ ಮೇಲೆ ಪರೀಕ್ಷೆ ಮಾಡುವಾಗ ಅಕ್ಕ ಮಿತಿಯನ್ನ 3 ಇಟ್ಟಿದ್ರು, ಬೇಗ ಮುಗೀಲಿ ಅಂತ. ಡಿಫ್‌ನಲ್ಲಿ 12 ಇತ್ತು. ಕಾರಣ ನನ್ನ ಮಾವನೇ. ಕರೆಂಟು ಹೋಗಿ ಬಂದು ಮಾಡಿದಾಗ ಲಿನಕ್ಸ್ ಏಳೋಕೆ ಮುಂಚೆಯೇ ಮತ್ತೆ ಆಫ್ ಆಗ್ಬಹುದು, ಅದನ್ನೆಲ್ಲ ಸೋಲು ಅಂತ ಎಣಿಸ್ಬಾರದು ಅಂತ ಮಿತಿ ಹೆಚ್ಚಿಸಿದ್ರು. ಆದ್ರೆ 10 ದಾಟದ ಎಣಿಕೆ 12ನ್ನ ಯಾವತ್ತೂ ದಾಟಲ್ಲ. ಟೇಬಲ್ ಮೇಲೆ ಪಾಸ್, ತೋಟದಲ್ಲಿ ಫೇಲ್. ಹೊಸ ಸಾಫ್ಟ್‌ವೇರ್ ಕೆಟ್ಟದಾಗಿದ್ರೆ ಪೆಟ್ಟಿಗೆ ಅದನ್ನೇ ಮತ್ತೆ ಮತ್ತೆ ಪ್ರಯತ್ನಿಸ್ತಾ ಕೂರ್ತಿತ್ತು.

ಇದನ್ನ ಕಂಡುಹಿಡಿಯೋಕೆ ಬುದ್ಧಿವಂತಿಕೆ ಏನೂ ಬೇಕಾಗಿರ್ಲಿಲ್ಲ. ಪೇಪರ್ ಮೇಲೆ 1, 2, 3 ಅಂತ ಬರೀತಾ ಹೋದೆ, 10ಕ್ಕೆ ಬಂದಾಗ ಪೆನ್ಸಿಲ್ ನಿಂತ್ಹೋಯ್ತು. ಅಕ್ಕನಿಗೆ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿ "ಅಯ್ಯೋ, ನಾನೇ ಎರಡು ಸಲ ಓದಿದ್ದೆ ಕಣೋ" ಅಂದ್ರು.

ನಾಲ್ಕನೇ ಪ್ರಶ್ನೆ: ಬರೀತಿರುವಾಗಲೇ ಕರೆಂಟ್ ಹೋದ್ರೆ?

ಡಿಫ್ ಪ್ರತಿ ಬೂಟಿಗೂ ಚೀಟಿಯನ್ನ ಸೇವ್ ಮಾಡ್ತಿತ್ತು. ಫ್ಲ್ಯಾಶ್ ಮೆಮೊರಿಗೆ ಇಷ್ಟೇ ಸಲ ಅಳಿಸಿ ಬರೆಯಬಹುದು ಅನ್ನೋ ಆಯಸ್ಸಿದೆ, ಸುಮ್‌ಸುಮ್ನೆ ಬರೆಯೋದು ಒಳ್ಳೇದಲ್ಲ. ಅದಕ್ಕಿಂತ ಹೆಚ್ಚಾಗಿ, ಬರೀತಿರುವ ಕ್ಷಣದಲ್ಲೇ ಕರೆಂಟ್ ಹೋದ್ರೆ ಅರ್ಧ ಹಳೇದು, ಅರ್ಧ ಹೊಸದು. ಚೆಕ್‌ಸಮ್ ತಾಳೆ ಆಗಲ್ಲ, ಇಡೀ ಚೀಟಿ ಹೋಯ್ತು. ನಮ್ಮ ಪೆಟ್ಟಿಗೆ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿದ್ದ ಮೇಲೆ ಇದನ್ನ ಕೇಳದೆ ಇರೋಕೆ ಆಗ್ಲಿಲ್ಲ.

ಅಕ್ಕ ಎರಡನ್ನೂ ಒಪ್ಪಿದ್ರು. ಹೊಸ ಸಾಫ್ಟ್‌ವೇರ್ ಹಾಕಿದಾಗ ಮಾತ್ರ "ಟ್ರಯಲ್" ಅನ್ನೋ ಸಾಲು 1 ಆಗುತ್ತೆ, ಅದು 1 ಇದ್ದಾಗ ಮಾತ್ರ ಎಣಿಕೆ ಮತ್ತು ಸೇವ್. ಕರೆಂಟಿನ ಭಯಕ್ಕೆ ಯು-ಬೂಟಿನಲ್ಲೇ ಇರೋ ರಿಡಂಡೆಂಟ್ ಎನ್ವಿರಾನ್ಮೆಂಟ್ ಆನ್ ಮಾಡಿದ್ರು. ಇದರಲ್ಲಿ ಚೀಟಿಯ ಎರಡು ಪ್ರತಿ ಬೇರೆ ಬೇರೆ ಜಾಗದಲ್ಲಿರುತ್ತೆ. ಚೆಕ್‌ಸಮ್ ಆದ ಮೇಲೆ 1 ಬೈಟಿನ ಒಂದು ಗುರುತು, ಯಾವುದು ಹೊಸದು ಅಂತ ಹೇಳೋಕೆ. ಸೇವ್ ಮಾಡುವಾಗ ಯಾವಾಗಲೂ ಹಳೇ ಪ್ರತಿಯ ಮೇಲೆ ಬರೆಯುತ್ತೆ. ಮಧ್ಯದಲ್ಲಿ ಕರೆಂಟ್ ಹೋದ್ರೆ ಆ ಪ್ರತಿ ಮಾತ್ರ ಹಾಳು, ಇನ್ನೊಂದು ಹಾಗೇ ಇರುತ್ತೆ. ನೋಟ್ಸ್ ಕಾಪಿ ಮಾಡುವಾಗ ಪೂರ್ತಿ ಬರೆದು ಮುಗಿಸೋ ತನಕ ಹಳೇ ಪುಸ್ತಕ ಬಿಸಾಡಲ್ವಲ್ಲ, ಹಾಗೆ.

ಎರಡನೇ ಡಿಫ್ ಬಂತು. ನನ್ನ ನಾಲ್ಕೂ ಪ್ರಶ್ನೆಗೆ ಉತ್ತರ ಇತ್ತು. ಪ್ರತಿ ಹಸಿರು ಸಾಲನ್ನೂ ಓದಿ, ಸ್ವಲ್ಪ ಜಂಬದಿಂದಲೇ "ಸರಿ ಇದೆ" ಅಂತ ಬರೆದೆ.

ಸರಿ ಇರ್ಲಿಲ್ಲ

ಪೆಟ್ಟಿಗೆ ತಗೊಂಡು ಹೋಗೋಕೆ ಎರಡು ದಿನ ಇತ್ತು. ಟ್ರಯಲ್ 1 ಮಾಡಿ, ಚೆನ್ನಾಗಿರೋ ಸಾಫ್ಟ್‌ವೇರನ್ನೇ ಹಾಕಿ, ಮಾವನ ಕರೆಂಟಿನ ಥರ ಸುಮ್ಮನೆ ಆಫ್ ಆನ್ ಮಾಡ್ತಾ ನೋಡೋಣ ಅಂತ ನಾನೂ ನನ್ನ ರೂಮ್‌ಮೇಟೂ ಎಕ್ಸ್‌ಟೆನ್ಶನ್ ಬೋರ್ಡಿನ ಸ್ವಿಚ್ ಹಿಡ್ಕೊಂಡು ಕೂತ್ವಿ. ಪ್ರತಿ ಸಲ ಲಾಗಿನ್ ಬರೋ ತನಕ ಕಾಯೋದು, ಆಮೇಲೆ ಆಫ್. ಹನ್ನೆರಡು ಸಲ ಸರಿಯಾಗಿ ಎದ್ದಿತು. ಹದಿಮೂರನೇ ಸಲ ಎದ್ದಿದ್ದು ಹಳೇ ಪ್ರತಿ.

"ಮಗಾ, ಇದು ಹಿಂದಕ್ಕೆ ಹೋಯ್ತು" ಅಂದ ಅವನು.

ಏನಾಗಿತ್ತು ಅಂದ್ರೆ, ಲಿನಕ್ಸ್ ಎದ್ದ ಮೇಲೆ ಚೀಟಿಯಲ್ಲಿ ಟ್ರಯಲ್ ಮತ್ತು ಎಣಿಕೆಯನ್ನ ಸೊನ್ನೆ ಮಾಡ್ಬೇಕಲ್ಲ, ಅದನ್ನ ಮಾಡೋದು ಎಫ್‌ಡಬ್ಲ್ಯೂ-ಸೆಟ್-ಎನ್ವ್ ಅನ್ನೋ ಲಿನಕ್ಸ್ ಕಮಾಂಡ್. ಚೀಟಿ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗೋದು ಒಂದು ಚಿಕ್ಕ ಕಾನ್ಫಿಗರೇಶನ್ ಫೈಲಿನಿಂದ. ಅಲ್ಲಿ ಒಂದು ಸಾಲಿದ್ರೆ ಒಂದೇ ಚೀಟಿ, ಎರಡು ಸಾಲಿದ್ರೆ ಎರಡು ಪ್ರತಿ ಅಂತ ಅರ್ಥ. ನಮ್ಮ ಫೈಲಿನಲ್ಲಿ ಇನ್ನೂ ಒಂದೇ ಸಾಲು. ಆ ಕಮಾಂಡ್ ಹಳೇ ರೂಪ ಅಂದ್ಕೊಂಡು ಹೊಸ 1 ಬೈಟ್ ಗುರುತನ್ನೂ ಸೇರಿಸಿ ಚೆಕ್‌ಸಮ್ ಲೆಕ್ಕ ಹಾಕ್ತಿತ್ತು, ತಾಳೆ ಆಗ್ತಿರ್ಲಿಲ್ಲ, ಎರರ್ ಕೊಟ್ಟು ಏನೂ ಬರೆಯದೆ ಹೊರಗೆ ಬರ್ತಿತ್ತು. ನಮ್ಮ ಸ್ಕ್ರಿಪ್ಟ್ ಆ ಎರರ್ ಕಡೆ ತಿರುಗಿಯೂ ನೋಡ್ತಿರ್ಲಿಲ್ಲ. ಹಾಗಾಗಿ ಚೆನ್ನಾಗಿ ಎದ್ದ ಹನ್ನೆರಡೂ ಬೂಟುಗಳು ಸೋಲು ಅಂತಲೇ ಲೆಕ್ಕಕ್ಕೆ ಹೋದವು.

ಇದು ನನ್ನ ತಪ್ಪು. ಆ ಕಾನ್ಫಿಗರೇಶನ್ ಫೈಲ್ ಡಿಫ್‌ನಲ್ಲಿ ಇರ್ಲೇ ಇಲ್ಲ, ಬೇರೆ ಫೋಲ್ಡರಿನಲ್ಲಿ ಇತ್ತು. ನಾನು ಬಣ್ಣ ಇರೋ ಸಾಲುಗಳನ್ನ ಮಾತ್ರ ಓದಿದ್ದೆ. ಚೀಟಿಯ ರೂಪ ಬದಲಾದಾಗ ಅದನ್ನ ಬೇರೆ ಯಾರು ಓದ್ತಾರೆ ಅಂತ ಕೇಳ್ಬೇಕಿತ್ತು, ಕೇಳ್ಲಿಲ್ಲ. ಇನ್ನೊಂದು ವಿಷಯ: ಮೂರನೇ ತಪ್ಪು ಸರಿ ಮಾಡದೆ ಇದ್ದಿದ್ರೆ ಎಣಿಕೆ 10ಕ್ಕೆ ಸೊನ್ನೆ ಆಗಿ, ಈ ತಪ್ಪು ನಮಗೆ ಕಾಣಿಸ್ತಾನೇ ಇರ್ಲಿಲ್ಲ. ಒಂದು ತಪ್ಪು ಇನ್ನೊಂದನ್ನ ಮುಚ್ಚಿಟ್ಕೊಂಡು ಕೂತಿತ್ತು.

ಫೈಲಿಗೆ ಎರಡನೇ ಸಾಲು ಸೇರಿಸಿದ್ವಿ, ಸ್ಕ್ರಿಪ್ಟ್ ಎರರ್ ಬಂದ್ರೆ ಸುಮ್ಮನಿರದ ಹಾಗೆ ಮಾಡಿದ್ವಿ. ಮತ್ತೆ ಹದಿಮೂರು ಸಲ, ಆಮೇಲೆ ಇಪ್ಪತ್ತೈದು ಸಲ. ಎಣಿಕೆ ಸರಿಯಾಗಿ ಸೊನ್ನೆ ಆಯ್ತು.

ಕೊನೆಗೊಂದು ನಗು

ಇಷ್ಟೆಲ್ಲ ಆದ ಮೇಲೆ, ಬೇರೆಯವರು ಇದನ್ನ ಹೇಗೆ ಮಾಡಿದ್ದಾರೆ ಅಂತ ಯು-ಬೂಟಿನ ಸೋರ್ಸ್ ಒಳಗೆ ಹುಡುಕಿದೆ. ಬೂಟ್‌ಕೌಂಟ್ ಅನ್ನೋ ಹೆಸರಿನ ಫೋಲ್ಡರೇ ಇದೆ! ಎಣಿಕೆಗೆ ಬೂಟ್‌ಕೌಂಟ್, ಮಿತಿಗೆ ಬೂಟ್‌ಲಿಮಿಟ್, ಮಿತಿ ದಾಟಿದಾಗ ಓಡಿಸೋಕೆ ಆಲ್ಟ್-ಬೂಟ್-ಕಮಾಂಡ್. ನಮ್ಮ "ಟ್ರಯಲ್" ಕೂಡ ಅಪ್‌ಗ್ರೇಡ್-ಅವೈಲೆಬಲ್ ಅನ್ನೋ ಹೆಸರಿನಲ್ಲಿ ಆಗಲೇ ಇದೆ, ಅದು 1 ಇದ್ದಾಗ ಮಾತ್ರ ಸೇವ್ ಮಾಡುತ್ತೆ. ಬರೆಯೋದೂ ಓದೋದೂ ಎರಡೂ ಬೇಸ್ 10.

ಅಕ್ಕನಿಗೆ ಹೇಳೋಕೆ ಭಯ ಆಯ್ತು, ಅವರ ವಾರಗಳ ಕೆಲಸ ಅದು. ಅವರು ನಕ್ಕು ಅವತ್ತು ರಾತ್ರಿಯೇ ಮೂರನೇ ಡಿಫ್ ಕಳಿಸಿದ್ರು. ಅದರಲ್ಲಿ ಹೆಚ್ಚಿನ ಸಾಲುಗಳು ಕೆಂಪು. ಸಿ ಕೋಡ್ ಎಲ್ಲಾ ಹೋಗಿ ಉಳಿದಿದ್ದು ಒಂದಷ್ಟು ಕಾನ್ಫಿಗರೇಶನ್ ಮತ್ತು ಚೀಟಿಯ ಸಾಲುಗಳು. ಓದೋಕೆ ಹತ್ತು ನಿಮಿಷ ಸಾಕಾಯ್ತು. ಆಫ್ ಆನ್ ಪರೀಕ್ಷೆಯನ್ನ ಮಾತ್ರ ಮತ್ತೆ ಮೊದಲಿನಿಂದ ಮಾಡಿದ್ವಿ. ಹೊರಡೋದು ಎರಡು ದಿನ ತಡ ಆಯ್ತು.

ನೀವೂ ಇಂಥ ಕೋಡ್ ಓದೋದಾದ್ರೆ, ನಾನೀಗ ಪ್ರತಿ ಸಲ ಕೇಳ್ಕೊಳ್ಳೋದು ಇವು:

– ಈ ಸಾಲು ಚೀಟಿಯಲ್ಲಿ ಇಲ್ಲದಿದ್ರೆ ಏನಾಗುತ್ತೆ? ಅರ್ಥವಿಲ್ಲದ ಬೆಲೆ ಇದ್ರೆ?
– ಈ ಪಾಯಿಂಟರ್ ಯಾರ ಜಾಗವನ್ನ ತೋರಿಸ್ತಿದೆ, ಎಷ್ಟು ಹೊತ್ತು?
– ಬರೆಯೋ ಬೇಸ್, ಓದೋ ಬೇಸ್ ಒಂದೇನಾ? 10 ಹಾಕಿ ನೋಡಿದ್ರಾ?
– ಯಾವಾಗ ಸೇವ್ ಆಗುತ್ತೆ? ಆ ಕ್ಷಣದಲ್ಲಿ ಕರೆಂಟ್ ಹೋದ್ರೆ?
– ಇದೇ ಚೀಟಿಯನ್ನ ಬೇರೆ ಯಾರು ಓದ್ತಾರೆ, ಬರೀತಾರೆ?
– ಇದು ಆಗಲೇ ಇದೆಯಾ?

ಬೋರ್ಡ್ ಇಲ್ಲ ಅಂತ ಬೇಜಾರಾಗ್ಬೇಡಿ. ಯು-ಬೂಟಿನಲ್ಲಿ ಸ್ಯಾಂಡ್‌ಬಾಕ್ಸ್ ಅನ್ನೋ ಆಯ್ಕೆ ಇದೆ. ಅದನ್ನ ಕಂಪೈಲ್ ಮಾಡಿದ್ರೆ ನಿಮ್ಮ ಲಿನಕ್ಸ್ ಲ್ಯಾಪ್‌ಟಾಪಿನ ಮೇಲೇ ಸಾಮಾನ್ಯ ಪ್ರೋಗ್ರಾಮಿನ ಹಾಗೆ ಓಡುತ್ತೆ. ಪ್ರಿಂಟ್-ಎನ್ವ್ ಕೊಟ್ಟು ಚೀಟಿ ನೋಡಿ, ಸೆಟ್-ಎನ್ವ್ ಕೊಟ್ಟು ಬದಲಾಯ್ಸಿ. ಕೆಟ್ರೆ ಕೆಡೋದು ಒಂದು ಪ್ರೋಗ್ರಾಂ ಅಷ್ಟೇ.

ಪೆಟ್ಟಿಗೆ ಈಗ ಪಂಪ್ ಶೆಡ್ಡಿನ ಗೋಡೆ ಮೇಲಿದೆ. ಜೂನಿನಲ್ಲಿ ಒಂದು ಬೆಳಿಗ್ಗೆ ಮಾವ ಫೋನ್ ಮಾಡಿ "ನಿನ್ನೆ ರಾತ್ರಿ ಎಷ್ಟು ಸಲ ಕರೆಂಟು ಹೋಯ್ತು ಅಂತ ಲೆಕ್ಕ ಇಲ್ಲ ಮಾರಾಯ, ನಿನ್ನ ಪೆಟ್ಟಿಗೆ ಸತ್ತೇ ಹೋಯ್ತೇನೋ" ಅಂದ್ರು. ನಾನು ಲ್ಯಾಪ್‌ಟಾಪ್ ತೆಗೆದು ನೋಡಿದೆ. ಬೆಳಗಿನ ಆರು ಗಂಟೆಯ ಮಳೆಯ ಲೆಕ್ಕ ಬಂದು ಕೂತಿತ್ತು.